ಎಸ್.ಕೆ. ಬಾರ್ಡರ್‌ನ ಚೀಟಿ: ಕುದುರೆಮುಖದ ದಾರಿ ಇಷ್ಟು ಗೋಜಲಾಗಿದ್ದು ಹೇಗೆ?

ಶೃಂಗೇರಿ ದಾಟಿ, ನೆಮ್ಮಾರು, ಕೆರೆಕಟ್ಟೆ ಕಳೆದು ಘಟ್ಟದ ಅಂಚಿಗೆ ಬಂದರೆ ಒಂದು ಗೇಟು ಸಿಗುತ್ತದೆ. ಬಸ್ ಕಂಡಕ್ಟರ್‌ನಿಂದ ಹಿಡಿದು ಜೀಪಿನವರವರೆಗೆ ಎಲ್ಲರ ಬಾಯಲ್ಲೂ ಅದು ಎಸ್.ಕೆ. ಬಾರ್ಡರ್. ಎಸ್.ಕೆ. ಅಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಈಗ ಎಲ್ಲೂ ಇಲ್ಲ. 1956ರವರೆಗೆ ಇಲ್ಲಿಂದ ಆಚೆ ಮದ್ರಾಸ್, ಈಚೆ ಮೈಸೂರು. ಆಮೇಲೆ ಆಚೆಯದು ದಕ್ಷಿಣ ಕನ್ನಡ ಆಯಿತು. 1997ರಲ್ಲಿ ಕಾರ್ಕಳ ತಾಲ್ಲೂಕು ಉಡುಪಿ ಜಿಲ್ಲೆಗೆ ಸೇರಿತು. ಗಡಿಯಾಚೆಯ ಜಿಲ್ಲೆ ಎರಡು ಸಲ ಹೆಸರು ಬದಲಿಸಿದರೂ ಗೇಟು ಮಾತ್ರ ಇನ್ನೂ ಎಸ್.ಕೆ. ಬಾರ್ಡರ್ರೇ.

ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಮಾಳ, ಬಜಗೋಳಿ ಕಡೆ ಇಳಿಯುತ್ತದೆ. ಎಡಕ್ಕೆ ತಿರುಗಿದರೆ ಕುದುರೆಮುಖ, ಕಳಸ. ಗೇಟಿನಲ್ಲಿ ಗಾಡಿ ನಂಬರ್ ಬರೆದು, ಹೊತ್ತು ಬರೆದು ಒಂದು ಚೀಟಿ ಕೊಡುತ್ತಾರೆ. ಇಂತಿಷ್ಟು ಹೊತ್ತಿನೊಳಗೆ ಕಾಡು ದಾಟಿ ಆ ಕಡೆಯ ಗೇಟಿನಲ್ಲಿ ಅದನ್ನು ತೋರಿಸಬೇಕು. ಕಡಾಂಬಿ ಅಬ್ಬಿ ರಸ್ತೆ ಪಕ್ಕದಲ್ಲೇ ಸುರಿಯುತ್ತಿದ್ದರೂ ಗಾಡಿ ನಿಲ್ಲಿಸಿ ಸೆಲ್ಫಿ ಹೊಡೆಯುವ ಹಾಗಿಲ್ಲ.

ಮಳೆಗಾಲ ಬಂತು ಅಂದರೆ ಶಿವಮೊಗ್ಗದ ಗೆಳೆಯರು ಫೋನ್ ಮಾಡಿ ಕೇಳುತ್ತಾರೆ. ಟ್ರೆಕ್ಕಿಂಗ್ ಓಪನ್ ಇದೆಯಾ? ಗಂಗಾಮೂಲಕ್ಕೆ ಬಿಡ್ತಾರಾ? ಲಕ್ಯಾ ಡ್ಯಾಮ್ ನೋಡಬಹುದಾ? ಅಲ್ಲಿ ಖಾಲಿ ಬಿದ್ದಿರೋ ಕ್ವಾರ್ಟರ್ಸ್ ಯಾರದ್ದು? ಒಂದೊಂದಕ್ಕೂ ಬೇರೆ ಬೇರೆ ಉತ್ತರ, ಒಂದೊಂದರ ಹಿಂದೆಯೂ ಬೇರೆ ಬೇರೆ ಫೈಲು. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು.

ಮಲೆನಾಡಿಗೆ ಗಣಿ ಹೊಸದಲ್ಲ. ನಾನು ಬೆಳೆದ ಭದ್ರಾವತಿ ನಿಂತಿದ್ದೇ ಕೆಮ್ಮಣ್ಣುಗುಂಡಿಯ ಅದಿರಿನ ಮೇಲೆ. 1923ರಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಲು ಶುರುವಾಯಿತು. ಕೆಂಪು ಮಣ್ಣಿನ ಗುಂಡಿ ಅಂತ ಹೆಸರಿಟ್ಟುಕೊಂಡ ಆ ಬೆಟ್ಟಕ್ಕೆ ಈಗ ಜನ ಹೋಗುವುದು ಗುಲಾಬಿ ತೋಟ ನೋಡಲು. ಕುದುರೆಮುಖದ ಅದಿರನ್ನು ಮೈಸೂರಿನ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಆಮೇಲೆ ಐವತ್ತು ವರ್ಷ ಅದರ ತಂಟೆಗೆ ಯಾರೂ ಹೋಗಲಿಲ್ಲ. ಅದಿರು ಕಡಿಮೆ ದರ್ಜೆಯದು, ರಸ್ತೆಯಿಲ್ಲ, ವರ್ಷಕ್ಕೆ ಹೆಚ್ಚುಕಡಿಮೆ 7,000 ಮಿಲಿಮೀಟರ್ ಮಳೆ.

1969ರ ಜುಲೈನಲ್ಲಿ 30 ವರ್ಷದ ಗಣಿ ಗುತ್ತಿಗೆ ಬರೆಯಲಾಯಿತು. ಜಾಗ 4,600 ಹೆಕ್ಟೇರ್ ಚಿಲ್ಲರೆ. ಈ ದಿನಾಂಕ ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಜಗಳವೂ ಇಲ್ಲಿಗೇ ಬಂದು ನಿಲ್ಲುತ್ತದೆ. 1975ರಲ್ಲಿ ಇರಾನ್ ಜೊತೆ ಒಪ್ಪಂದ ಆಯಿತು. ದುಡ್ಡು ಅವರದು, ಅದಿರೂ ಅವರಿಗೇ. 1976ರಲ್ಲಿ ಗಣಿ ನಡೆಸಲು ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು, ಮಲ್ಲೇಶ್ವರ ಅನ್ನುವ ಹಳ್ಳಿಯ ಜಾಗದಲ್ಲಿ ಟೌನ್‌ಶಿಪ್ ಎದ್ದಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. 1980ರಲ್ಲಿ ಇಲ್ಲಿ ಎಲ್ಲ ಯಂತ್ರ ಜೋಡಿಸಿ ಮುಗಿಸಿದಾಗ ಗಿರಾಕಿಯೇ ಇಲ್ಲ. ಮದುವೆಗೆ ಅಡುಗೆ ಮಾಡಿಟ್ಟ ಮೇಲೆ ಗಂಡಿನ ಕಡೆಯವರು ಬರಲ್ಲ ಅಂದ ಹಾಗೆ. ಬೇರೆ ದೇಶದ ಗಿರಾಕಿಗಳನ್ನು ಹುಡುಕಿ ಗಣಿ ನಡೆಸಿದರು.

ಕೆಲಸ ನಡೆಯುತ್ತಿದ್ದ ರೀತಿ ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಸಿಡಿಸಿ ಒಡೆಯುತ್ತಿದ್ದರು. ಆ ಕಲ್ಲಿನಲ್ಲಿ ಕಬ್ಬಿಣದ ಪಾಲು ಶೇಕಡ 38ರ ಆಸುಪಾಸು. ಅದನ್ನು ನೀರಿನಲ್ಲಿ ಹಿಟ್ಟಿನ ಹಾಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿ ಬೇರ್ಪಡಿಸಿದರೆ ಅದೇ ಶೇಕಡ 67 ಆಗುತ್ತಿತ್ತು. ಆ ಪುಡಿಯನ್ನು ನೀರಿಗೆ ಕಲಸಿ, ದೋಸೆ ಹಿಟ್ಟಿನ ಹದದಲ್ಲಿ 67 ಕಿಲೋಮೀಟರ್ ಉದ್ದದ ಪೈಪಿಗೆ ಬಿಟ್ಟರೆ ಘಟ್ಟ ಇಳಿದು ಸೀದಾ ಮಂಗಳೂರಿನ ಪಣಂಬೂರು. ಲಾರಿ ಬೇಡ, ರೈಲು ಬೇಡ. ಸುಮ್ನೆ ಹೇಳಬಾರದು, ಎಂಜಿನಿಯರುಗಳ ತಲೆ ಮೆಚ್ಚಬೇಕು.

ಉಳಿದ ಕಲ್ಲಿನ ಹಿಟ್ಟು ಎಲ್ಲಿಗೆ ಹೋಗಬೇಕು? ಅದಕ್ಕೇ ಲಕ್ಯಾ ಡ್ಯಾಮ್. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, 100 ಮೀಟರ್ ಆಸುಪಾಸಿನ ಒಡ್ಡು. ಹೆಸರಿಗೆ ಡ್ಯಾಮ್. ಒಳಗೆ ತುಂಬಿರುವುದು ಜಾಸ್ತಿ ಪಾಲು ಬೂದು ಬಣ್ಣದ ನುಣ್ಣನೆ ಹೂಳು. ಬೆರಳಲ್ಲಿ ತಿಕ್ಕಿದರೆ ಸೀಸದ ಕಡ್ಡಿಯ ಪುಡಿಯ ಹಾಗೆ ಅಂಟಿಕೊಳ್ಳುತ್ತದೆ, ಬಿಸಿಲಿಗೆ ಹಿಡಿದರೆ ಮಿನುಗುತ್ತದೆ. ಅದು ಇವತ್ತಿಗೂ ಅಲ್ಲೇ ಇದೆ.

ಕಳಸದಲ್ಲಿ ನನ್ನ ಚಿಕ್ಕಮ್ಮನ ಮನೆ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಗೆ ಹೋದರೆ ಒಂದು ದಿನ ಬಸ್ಸಿನಲ್ಲಿ ಕುದುರೆಮುಖ ಪೇಟೆಗೆ ಹೋಗಲೇಬೇಕು. ದಾರಿಯುದ್ದಕ್ಕೂ ಕತ್ತಲು, ಕಾಡು, ಮಂಜು. ಒಂದು ತಿರುವು ದಾಟಿದ ಕೂಡಲೇ ಸಾಲುಸಾಲು ದೀಪದ ಕಂಬ. ನಮ್ಮ ಕಣ್ಣಿಗೆ ಅದು ದುಬೈ. ಆಸ್ಪತ್ರೆ, ಇಂಗ್ಲಿಷ್ ಮೀಡಿಯಂ ಶಾಲೆ, ಬಿಹಾರದಿಂದ ಕೇರಳದವರೆಗಿನ ಜನ, ಬೇಕರಿಯಲ್ಲಿ ಹಿಂದಿ. ಅಡಿಕೆ ತೋಟದಲ್ಲಿ ಕೂಲಿ ಸಿಗದವರಿಗೆ ಅಲ್ಲಿ ಕ್ಯಾಂಟೀನ್ ಕೆಲಸವಾದರೂ ಸಿಗುತ್ತಿತ್ತು. ಕಂಪನಿ ಬೇಡ ಅನ್ನುವ ಮಾತು ಆಗ ಕಳಸದಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

ಗಟ್ಟಿಯಾಗಿ ಆಡಿದವರು ಹೊಳೆ ಹರಿದು ಹೋಗುವ ಕೆಳಗಿನ ಊರುಗಳವರು. ಕಾರಣ ಸರಳ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ, ಗಂಗಾಮೂಲದ ಹತ್ತಿರ. ಭದ್ರೆ ಗಣಿಯ ಮಗ್ಗುಲಲ್ಲೇ ಹರಿದು ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಬರುತ್ತಾಳೆ. ಅಲ್ಲಿಂದ ಭದ್ರಾವತಿ, ದಾವಣಗೆರೆಯ ಗದ್ದೆಗಳು. ಮೇಲೆ ಕೊರೆದ ಮಣ್ಣು ಮಳೆಗಾಲದಲ್ಲಿ ಕೆಳಗೆ ಬರದೆ ಎಲ್ಲಿಗೆ ಹೋದೀತು? ಪೈಪು ಒಡೆದು ಗದ್ದೆಗೆ ಅದಿರಿನ ರಾಡಿ ನುಗ್ಗಿದ್ದೂ ಉಂಟು. 'ಮಳೆಗಾಲದಲ್ಲಿ ಯಾವ ಹೊಳೆ ಕೆಂಪಾಗಲ್ಲ ಹೇಳಿ' ಅನ್ನುವುದು ಗಣಿ ಪರವಾಗಿದ್ದವರ ಮಾತು. ಅದೂ ಪೂರ್ತಿ ಸುಳ್ಳಲ್ಲ. ಕಾಫಿ ತೋಟಕ್ಕೆ ಅಗೆದ ಮಣ್ಣು, ರಸ್ತೆ ಮಾಡಿದ ಮಣ್ಣು ಎಲ್ಲ ಸೇರಿಯೇ ಹೊಳೆ ಕೆಂಪಾಗುವುದು. ಆದರೆ ಚಿಕ್ಕಮ್ಮನ ಮನೆಯ ಹಿತ್ತಲ ಹೊಳೆ ಮಳೆ ನಿಂತು ವಾರದಲ್ಲಿ ತಿಳಿಯಾಗುತ್ತಿತ್ತು. ಭದ್ರೆ ನವರಾತ್ರಿ ಹೊತ್ತಿಗೂ ಚಹಾದ ಬಣ್ಣದಲ್ಲೇ ಇರುತ್ತಿದ್ದಳು. ಎರಡನ್ನೂ ಪಕ್ಕಪಕ್ಕ ನೋಡಿದವರಿಗೆ ಜಾಸ್ತಿ ವಾದ ಬೇಕಿರಲಿಲ್ಲ.

ಈ ನಡುವೆ ಇನ್ನೊಂದು ಗೆರೆ ಬಿತ್ತು. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಮೊದಲ ಅಧಿಸೂಚನೆಯಲ್ಲಿ ಸಾರಲಾಯಿತು. ಅದರ ನಟ್ಟನಡುವೆ ಗಣಿ. ಒಂದೇ ಗುಡ್ಡಕ್ಕೆ ಎರಡು ಬೇಲಿ ಹಾಕಿ, ಯಾವುದು ಯಾರದ್ದು ಅಂತ ಹೇಳದೆ ಎದ್ದು ಹೋದ ಹಾಗಾಯಿತು. ಅಂತಿಮ ಅಧಿಸೂಚನೆ ಬರಲು 2001 ಬೇಕಾಯಿತು. ಹದಿನಾಲ್ಕು ವರ್ಷ!

1999ರ ಜುಲೈ 24ಕ್ಕೆ ಗುತ್ತಿಗೆ ಮುಗಿಯಿತು. ಅಲ್ಲಿಂದ 2005ರವರೆಗಿನ ಆರು ವರ್ಷ ಮಲೆನಾಡಿನಲ್ಲಿ ಇದ್ದವರಿಗೆ ಮರೆಯುವಂಥದ್ದಲ್ಲ. ಗುತ್ತಿಗೆ ಮುಂದುವರಿಯಬೇಕು, ನೆಲ್ಲಿಬೀಡು ಕಡೆಗೂ ಗಣಿ ಬೇಕು ಅಂತ ಒಂದು ಕಡೆ ಕೇಳಿಕೆ. ಇನ್ನೊಂದು ಕಡೆ 'ತುಂಗಾ ಮೂಲ ಉಳಿಸಿ' ಅನ್ನುವ ಕೂಗು. ಶಿವಮೊಗ್ಗದಲ್ಲಿ, ಶೃಂಗೇರಿಯಲ್ಲಿ, ತೀರ್ಥಹಳ್ಳಿಯಲ್ಲಿ ಮೆರವಣಿಗೆ. ರೈತರು, ಕಾಲೇಜು ಹುಡುಗರು, ಮಠದವರು, ಎಡದವರು, ಬಲದವರು, ಬೇರೆ ದಿನ ಒಂದು ಬೆಂಚಿನಲ್ಲಿ ಕೂರದವರೆಲ್ಲ ಒಂದೇ ಶಾಮಿಯಾನದ ಕೆಳಗೆ. ನಾನೂ ಒಂದೆರಡು ಸಲ ಹೋಗಿದ್ದೆ. ಪೂರ್ತಿ ಕಾಳಜಿಯಿಂದ ಅಂತ ಹೇಳಿದರೆ ತಪ್ಪಾದೀತು. ಕ್ಲಾಸಿಗೆ ಚಕ್ಕರ್ ಹಾಕಲು ಅದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ. ಕುದುರೆಮುಖದಿಂದ ಕಾರ್ಮಿಕರೂ ಬೀದಿಗೆ ಇಳಿದರು. ನಮ್ಮ ಹೊಟ್ಟೆಗೇನು ಅಂತ ಅವರು ಕೇಳಿದ್ದಕ್ಕೆ ನಮ್ಮ ಶಾಮಿಯಾನದಲ್ಲಿ ಉತ್ತರ ಇರಲಿಲ್ಲ.

ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ಅಕ್ಟೋಬರ್ 30ರಂದು ತೀರ್ಪು. 2005 ಮುಗಿಯುವ ಹೊತ್ತಿಗೆ ಗಣಿ ನಿಲ್ಲಬೇಕು. 2005ರ ಡಿಸೆಂಬರ್ 31ಕ್ಕೆ ನಿಂತಿತು. ಹೊಸ ವರ್ಷಕ್ಕೆ ಶಿವಮೊಗ್ಗದಲ್ಲಿ ಸಿಹಿ ಹಂಚಿದ್ದು ನೆನಪಿದೆ.

ಅದೇ ಕಾಲಕ್ಕೆ ಉದ್ಯಾನದ ಒಳಗಿನ ಹಳ್ಳಿಗಳಲ್ಲಿ ಬೇರೆಯೇ ಭಯ. ಮಲೆಕುಡಿಯರು, ಗೌಡಲುಗಳು ಅನ್ನುವ ಬುಡಕಟ್ಟಿನವರು, ಸಣ್ಣ ಹಿಡುವಳಿಯ ರೈತರು ತಲೆಮಾರುಗಳಿಂದ ಅಲ್ಲಿದ್ದವರು. ಗಣಿಯನ್ನು ಹೊರಗೆ ಹಾಕಿದ ಅದೇ ಉದ್ಯಾನದ ಕಾನೂನು ತಮ್ಮನ್ನೂ ಹಾಕುತ್ತದೆ ಅನ್ನುವುದು ಅವರ ಹೆದರಿಕೆ. ಕರೆಂಟು, ರಸ್ತೆ, ಹೊಸ ಹೆಂಚು, ಪ್ರತಿಯೊಂದಕ್ಕೂ ಅಡ್ಡಿ. ಈ ಸಿಟ್ಟಿನ ನೆಲದಲ್ಲೇ ನಕ್ಸಲ್ ಚಳವಳಿ ಕಾಲಿಟ್ಟಿತು. 2003ರಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ಗುಂಡಿನ ಸದ್ದು ಕೇಳಿದ ಮೇಲೆ ಎರಡು ದಶಕ ಪೊಲೀಸ್ ಕೂಂಬಿಂಗ್. 2025ರ ಜನವರಿಯಲ್ಲಿ ಶರಣಾದ ಆರು ಮಂದಿಯಲ್ಲಿ ಕೆಲವರು ಇದೇ ಸೀಮೆಯವರು. ಪರಿಹಾರ ತಗೊಂಡು ಹೊರಬಂದು ನೆಮ್ಮದಿಯಾಗಿರುವ ಕುಟುಂಬಗಳೂ ಇವೆ, ಇನ್ನೂ ಅರ್ಜಿ ಹಿಡಿದು ಓಡಾಡುವವರೂ ಇದ್ದಾರೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದಾಗಿ ಕುದುರೆಮುಖ ಯುನೆಸ್ಕೋ ಪಟ್ಟಿಗೆ ಸೇರಿತು. ಹುಲಿ ಯೋಜನೆ ಮಾಡುವ ಪ್ರಸ್ತಾಪ ಬಂದಾಗ ಊರೂರಲ್ಲಿ ಪ್ರತಿಭಟನೆ. ಹುಲಿಯ ಮೇಲೆ ಇಲ್ಲಿ ಯಾರಿಗೂ ದ್ವೇಷ ಇಲ್ಲ. ಹುಲಿಯ ಹಿಂದೆ ಬರುವ ಕಾಗದಗಳ ಮೇಲೆ ಇದೆ.

ಇನ್ನು ಟೌನ್‌ಶಿಪ್. ಗಣಿ ನಿಲ್ಲಿಸಲು ತಾರೀಕು ಕೊಟ್ಟವರು ಬಹಳ ಮಂದಿ. ನಿಂತ ಮೇಲೆ ಅಲ್ಲಿ ಏನು ಅಂತ ಕೇಳಿದವರು ಕಡಿಮೆ. ಕಂಪನಿ ಬೇರೆ ಕಡೆಯಿಂದ ಅದಿರು ತಂದು ಮಂಗಳೂರಿನ ಘಟಕ ನಡೆಸಿಕೊಂಡಿತು. ಕ್ವಾರ್ಟರ್ಸಿನ ಜನ ಒಬ್ಬೊಬ್ಬರಾಗಿ ಹೋದರು. ಈಗ ಹೋದರೆ ಗೋಡೆಗಳ ಮೇಲೆ ಮೊಣಕಾಲೆತ್ತರಕ್ಕೆ ಪಾಚಿ, ಕಿಟಕಿಯ ಕಂಬಿ ಹಿಡಿದು ಹತ್ತಿದ ಬಳ್ಳಿ. ಒಂದು ಮನೆಯ ಬಾಗಿಲಲ್ಲಿ ಸುಣ್ಣದ ರಂಗೋಲಿಯ ಅಚ್ಚು ಇನ್ನೂ ಅಳಿಸಿಲ್ಲ. ಅದರ ಮೇಲೆ ಕಾಟಿಯ, ಅಂದರೆ ಕಾಡುಕೋಣದ ಸೆಗಣಿ.

ಆ ಖಾಲಿ ಜಾಗಕ್ಕೆ ಬಂದದ್ದು ನಾವು, ಅಂದರೆ ಪ್ರವಾಸಿಗಳು. ಹಸಿರು ಬೆಟ್ಟದ ಫೋಟೋಗಳು ಮೊಬೈಲಿನಲ್ಲಿ ಓಡಾಡಲು ಶುರುವಾದ ಮೇಲೆ ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಟೆಂಪೋ ಟ್ರಾವೆಲರ್‌ಗಳು ಶನಿವಾರ ಬೆಳಗ್ಗೆ ಸಂಸೆ, ಬಾಳೆಗಲ್ಲಿನಲ್ಲಿ. ಅಲ್ಲಿಂದ ಮುಳ್ಳೋಡಿಗೆ ಜೀಪು, ಎಲುಬು ಎಣಿಸುವ ದಾರಿ. ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು 20 ಕಿಲೋಮೀಟರ್ ನಡಿಗೆ. ಶೋಲಾ ಕಾಡು, ಹುಲ್ಲುಗಾವಲು, ಒಂಟಿ ಮರ, ಕಾಲಿಗೆ ಉಂಬಳ, ಅಂದರೆ ಜಿಗಣೆ. ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆ ಒಯ್ಯದವರ ಸಾಕ್ಸು ಸಂಜೆಗೆ ಕೆಂಪು. ರಸ್ತೆ, ಕರೆಂಟಿಗೆ ಅಡ್ಡಿಯಿದ್ದ ಹಳ್ಳಿಗಳಲ್ಲೇ ಹೋಂಸ್ಟೇ ಬೋರ್ಡು ಎದ್ದವು. ಕಂಪನಿ ಹೋದ ಮೇಲೆ ಅಲ್ಲಿನ ಹುಡುಗರ ಕೈಯಲ್ಲಿ ಮೊದಲ ಸಲ ಕಾಸು ಓಡಾಡಿದ್ದು ಈ ಜೀಪುಗಳಿಂದಲೇ.

ಆದರೆ ಕಾಡಿಗೆ ಅಷ್ಟೊಂದು ಕಾಲು ತಡೆಯುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿದ ವಿಡಿಯೋ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇದ್ದ ಕಡೆ ಮಾತ್ರ ಚಾರಣ ಅಂದಿತು. ಕುದುರೆಮುಖಕ್ಕೆ ದಿನಕ್ಕೆ 300 ಜನರ ಮಿತಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಬಂದ್. ಗಂಗಾಮೂಲಕ್ಕಂತೂ ಬಿಡುವುದೇ ಇಲ್ಲ. ಕಳೆದ ಬಾರಿ ನಾವು ಒಂದು ಹೋಂಸ್ಟೇಗೆ ಮುಂಗಡ ಕಟ್ಟಿದ್ದೆವು, ಪರ್ಮಿಟ್ ನಾವೇ ಮಾಡಿಸ್ತೀವಿ ಅಂದಿದ್ದರು. ಹೋಗಿ ನೋಡಿದರೆ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಸಂಸೆಯ ಟೀ ತೋಟದ ಎದುರು ನಿಂತು ಫೋಟೋ ತೆಗೆದು ವಾಪಸ್. ಬುಕಿಂಗ್ ನೀವೇ ಮಾಡಿ, ಪ್ರಿಂಟ್ ಇಟ್ಟುಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗಲ್ಲ.

ಗಣಿಯ ಲೆಕ್ಕ ಮುಗಿಯಿತು ಅಂದುಕೊಂಡರೆ ಅದೂ ಇಲ್ಲ. 2024ರ ಜೂನ್‌ನಲ್ಲಿ ಅದೇ ಕಂಪನಿಗೆ ಬಳ್ಳಾರಿ ಸೀಮೆಯ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಗೆ ಕೇಂದ್ರದ ಕಡೆಯಿಂದ ಹಸಿರು ನಿಶಾನೆ ಸಿಕ್ಕಿತು. ಕುದುರೆಮುಖದ ಹಳೆ ಷರತ್ತು, ಹಳೆ ಬಾಕಿ ಮೊದಲು ತೀರಿಸಲಿ, ಅಲ್ಲಿಯವರೆಗೆ ಅರಣ್ಯ ಭೂಮಿ ಕೊಡಬೇಡಿ ಅಂತ ರಾಜ್ಯದ ಅರಣ್ಯ ಸಚಿವರ ಸೂಚನೆ ಬಂತು. ಇಪ್ಪತ್ತು ವರ್ಷದ ಹಿಂದೆ ಮುಚ್ಚಿದ ಗಣಿಯ ಹೂಳು ಮುನ್ನೂರು ಕಿಲೋಮೀಟರ್ ಆಚೆಯ ಇನ್ನೊಂದು ಬೆಟ್ಟದ ಫೈಲಿಗೆ ಹೋಗಿ ಕೂತಿತು ನೋಡಿ.

ಕಳೆದ ಸಲ ಕಳಸಕ್ಕೆ ಹೋಗುವಾಗ ಚಿಕ್ಕಮ್ಮ ಕಾರಿನಲ್ಲಿದ್ದಳು. ಟೌನ್‌ಶಿಪ್ ಬಂದಾಗ, ಇಲ್ಲೇ ಅಲ್ವಾ ನಿಮಗೆಲ್ಲ ಪಫ್ಸ್ ಕೊಡಿಸ್ತಾ ಇದ್ದಿದ್ದು ಅಂತ ಕಿಟಕಿ ಇಳಿಸಿ ಹುಡುಕಿದಳು. ಬೇಕರಿ ಇದ್ದ ಜಾಗ ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಮುಂದಿನ ಗೇಟಿನಲ್ಲಿ ಗಾರ್ಡು ಚೀಟಿಯ ಹೊತ್ತು ನೋಡಿ, 'ಹನ್ನೆರಡು ನಿಮಿಷ ಲೇಟು, ಎಲ್ಲಿ ನಿಲ್ಲಿಸಿದ್ರಿ?' ಅಂತ ಕೇಳಿದ.