ಸೊನ್ನೆಗೆ ಇಳಿಯುವ ದಾರಿ: ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ

ಹಳ್ಳಿಯ ಸರ್ಕಾರಿ ಶಾಲೆಗೆ ಬೀಗ ಬಿದ್ದಾಗ ಕಡತದಲ್ಲಿ ಬರೆಯುವ ಕಾರಣ ಒಂದೇ: ‘ಶೂನ್ಯ ದಾಖಲಾತಿ’. ಸುಳ್ಳೇನಲ್ಲ. ಆದರೆ ಅಂಕಿ ಸೊನ್ನೆಗೆ ಇಳಿಯುವಷ್ಟರಲ್ಲಿ ಏಳೆಂಟು ವರ್ಷ ಕಳೆದಿರುತ್ತದೆ.

ಹಳೇ ಮೈಸೂರಿನಲ್ಲಿ 1868ರ ಹೋಬಳಿ ಶಾಲೆಗಳು, ಮುಂಬೈ ಸೀಮೆಯಲ್ಲಿ ಲೋಕಲ್ ಬೋರ್ಡಿನ ಕನ್ನಡ ಶಾಲೆಗಳು, 1956ರಲ್ಲಿ ಎಲ್ಲವೂ ಒಂದು ರಾಜ್ಯಕ್ಕೆ, 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ, 1987ರಲ್ಲಿ ಜಿಲ್ಲಾ ಪರಿಷತ್ತು. ಅಷ್ಟೂ ಕಾಲ ಚಿಂತೆ ಒಂದೇ: ಶಾಲೆ ಇಲ್ಲದ ಊರಿಗೆ ಶಾಲೆ ಕೊಡುವುದು.

ಗಂಟು ಬೀಳುವುದು ಆಮೇಲೆ. ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕಾಲದಲ್ಲಿ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್, ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಬಂದವು. 2001ರ ಏಪ್ರಿಲ್ 28ರ ಆದೇಶದಿಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಅಧ್ಯಕ್ಷರು ಪೋಷಕರಲ್ಲೊಬ್ಬರು, ಮುಖ್ಯ ಶಿಕ್ಷಕರೇ ಕಾರ್ಯದರ್ಶಿ, ಬ್ಯಾಂಕಿನಲ್ಲಿ ಜಂಟಿ ಖಾತೆ. ಹೆಂಚು ಹೊದಿಸಲು, ಸುಣ್ಣ ಬಳಿಸಲು ಸಮಿತಿಗೆ ಅಧಿಕಾರವಿದೆ. ಮೇಷ್ಟ್ರನ್ನು ಉಳಿಸಿಕೊಳ್ಳಲು ಇಲ್ಲ.

2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕು. ಹತ್ತು ಹನ್ನೆರಡು ಮಕ್ಕಳಿರುವ ಕಡೆ ಸಾಮಾನ್ಯವಾಗಿ ಸಿಗುವುದು ಒಬ್ಬರೇ. ಆ ಒಬ್ಬರ ದಿನ ಹೀಗಿರುತ್ತದೆ: ಬೆಳಿಗ್ಗೆ ತಲಾ 18 ಗ್ರಾಂ ಪುಡಿ ಕದಡಿ 150 ಮಿ.ಲೀ. ಕ್ಷೀರಭಾಗ್ಯದ ಹಾಲು. ಒಂದರಿಂದ ಮೂರನೇ ತರಗತಿ ನಲಿ-ಕಲಿ (ಚಟುವಟಿಕೆಯಿಂದ ಕಲಿಯುವ ಪದ್ಧತಿ) ಕೋಣೆಯಲ್ಲಿ ಒಟ್ಟಿಗೆ, ಐದು ತಟ್ಟೆಗಳಾಗಿ, ಅಂದರೆ ಐದು ಗುಂಪುಗಳಾಗಿ. ಇದರಲ್ಲಿ ಮೊದಲ ತಟ್ಟೆಯ ಮಕ್ಕಳಿಗೆ ಶಿಕ್ಷಕರು ಪಕ್ಕದಲ್ಲೇ ಕೂರಬೇಕು. ಅಷ್ಟರಲ್ಲಿ ನಾಲ್ಕು, ಐದನೆಯವರು ಆಚೆ ಕೋಣೆಯಲ್ಲಿ ಲೆಕ್ಕ ಬರೆಯುತ್ತಿರುತ್ತಾರೆ, ಅಥವಾ ಬರೆಯುತ್ತಿರುವುದಿಲ್ಲ. ಮಧ್ಯಾಹ್ನ ತಲಾ 100 ಗ್ರಾಂ ಅಕ್ಕಿಯ ಬಿಸಿಯೂಟ, ಜೊತೆಗೆ ಆನ್‌ಲೈನ್ ಮಾಹಿತಿ. ಪ್ರತಿ ತರಗತಿಗೆ ನಾಲ್ಕು ವಿಷಯ. ಐದು ತರಗತಿಗೆ ಇಪ್ಪತ್ತು ಪಾಠ.

ಇದಿಷ್ಟನ್ನೂ ಹೇಗೋ ನಿಭಾಯಿಸುವವರಿದ್ದಾರೆ. ಕೆಡುವುದು ತರಬೇತಿ ಇರುವ ದಿನ. ಪಕ್ಕದ ಶಾಲೆಯಿಂದ ನಿಯೋಜನೆಯ ಮೇಲೆ ಒಬ್ಬರು ಬರಬೇಕು. ಅವರದೂ ಒಂಟಿ ಶಾಲೆಯಾದರೆ ಬರುವುದಿಲ್ಲ. ಅಡುಗೆಯಮ್ಮ ಬೀಗ ತೆಗೆದು ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ತಿಂಗಳಲ್ಲಿ ಎರಡು ಸಲ ಹೀಗಾದರೆ ಸಾಕು, ಜೂನ್‌ನಲ್ಲಿ ನಾಲ್ಕು ಟಿಸಿ ಬರೆಯಬೇಕಾಗುತ್ತದೆ. ಇಬ್ಬರು ಶಿಕ್ಷಕರಿದ್ದ ಕಡೆಯೂ ದಾಖಲಾತಿ ಇಳಿದರೆ ಒಬ್ಬರು ‘ಹೆಚ್ಚುವರಿ’ ಎನಿಸಿಕೊಂಡು ಬೇರೆ ಶಾಲೆಗೆ ಹೋಗುತ್ತಾರೆ. ಮಕ್ಕಳು ಕಡಿಮೆಯಾದದ್ದಕ್ಕೆ ಶಿಕ್ಷಕರು ಕಡಿಮೆ, ಶಿಕ್ಷಕರು ಕಡಿಮೆಯಾದದ್ದಕ್ಕೆ ಮಕ್ಕಳು ಕಡಿಮೆ. ಒಂದೊಂದನ್ನೇ ನೋಡಿದರೆ ಪ್ರತಿಯೊಂದಕ್ಕೂ ಕಾರಣವಿದೆ, ಅದೇ ವಿಚಿತ್ರ.

ಎರಡನೇ ಸೋರಿಕೆ ಒಂದನೇ ತರಗತಿಗೂ ಮೊದಲಿನದು. ಕಾನ್ವೆಂಟ್ ವ್ಯಾನು ಮೂರೂವರೆ, ನಾಲ್ಕು ವರ್ಷಕ್ಕೇ ಮಗುವನ್ನು ಎಲ್‌ಕೆಜಿಗೆ ಹತ್ತಿಸಿಕೊಳ್ಳುತ್ತದೆ. ಹಳ್ಳಿಯ ಅನೇಕ ಸರ್ಕಾರಿ ಶಾಲೆಗಳ ಬಾಗಿಲು ಒಂದನೇ ತರಗತಿಯಿಂದ. ಈ ನಡುವಿನ ವರ್ಷಗಳಿಗೆ ಅಂಗನವಾಡಿ ಇದೆ, ಅದು ಬೇರೆ ಇಲಾಖೆ. ಹೀಗಾಗಿ ‘ನಮ್ಮ ಶಾಲೆ ಬಿಟ್ಟು ಹೋದರು’ ಎಂದು ಲೆಕ್ಕ ಹಿಡಿಯುವ ಅನೇಕ ಮಕ್ಕಳು ಅಲ್ಲಿಗೆ ಬಂದೇ ಇರಲಿಲ್ಲ. ಆರ್‌ಟಿಇಯಂತೆ ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25 ಸೀಟುಗಳ ಶುಲ್ಕವನ್ನು ಸರ್ಕಾರವೇ ಕಟ್ಟುತ್ತಿತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಎಂಬ ತಿದ್ದುಪಡಿ 2019ರ ಹೊತ್ತಿಗೆ ಬಂತು. ಅಷ್ಟರಲ್ಲಿ ಅನೇಕ ಊರಿಗೆ ವ್ಯಾನಿನ ದಾರಿ ಗೊತ್ತಾಗಿತ್ತು.

2018–19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳು. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿ. ದೊಡ್ಡ ಊರಿಗೆ ಅನುಕೂಲ, ಅನುಮಾನವಿಲ್ಲ. ಆದರೆ ಸಣ್ಣ ಶಾಲೆಯನ್ನು ಅಲ್ಲಿಗೆ ಸೇರಿಸಿದರೆ ದೂರದ ಪ್ರಶ್ನೆ ಬರುತ್ತದೆ. ಆರ್‌ಟಿಇ ನಿಯಮ ಹೇಳುವುದು ಒಂದು ಕಿ.ಮೀ. ನಡಿಗೆಯ ದೂರ, ನಕಾಶೆಯಲ್ಲಿ ಅಳೆದರೆ ಅದು ನೇರ ಗೆರೆ. ಮಲೆನಾಡಿನಲ್ಲಿ ಜುಲೈ ತಿಂಗಳ ಹಳ್ಳಕ್ಕೆ ಆ ಗೆರೆ ಕಾಣುವುದಿಲ್ಲ. ಆರು ವರ್ಷದ ಮಗು ಸುತ್ತುಬಳಸಿಯೇ ಹೋಗಬೇಕು.

ಶಾಲೆ ವಿಲೀನವಾದಾಗ ಬೆಂಚು, ಸಿಲಿಂಡರ್, ಪಾತ್ರೆ ಸಾಗುವುದು ಒಂದು ದಿನದ ಕೆಲಸ. ಮರೆಯುವುದು ದಾಖಲಾತಿ ಪುಸ್ತಕ. ಜನನ ದಿನಾಂಕಕ್ಕೆ ಊರಿನ ಹಿರಿಯರಿಗಿರುವ ದಾಖಲೆ ಅನೇಕ ಸಲ ಅದೊಂದೇ. ಪಿಂಚಣಿ ಅರ್ಜಿ ಹಿಡಿದು ಬಂದವರಿಗೆ ಮೊದಲು ಬೇಕಾದ ಉತ್ತರ, ಆ ಪುಸ್ತಕ ಈಗ ಯಾವ ಶಾಲೆಯ ಬೀರುವಿನಲ್ಲಿದೆ ಎಂಬುದು.