ಚೆಂಡು ದಂಡಿನದು, ಸಂಬಳ ಯಾರದ್ದು?

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಅಲ್ಲಿನ ಓಣಿಗಳು ಬ್ರೆಜಿಲಿನ ಹಳದಿ-ಹಸಿರು ಬಳಿದುಕೊಳ್ಳುತ್ತವೆ. ಆ ಸಮಯದಲ್ಲಿ ಟಿವಿಯವರು ಬರುತ್ತಾರೆ, ‘ಮಿನಿ ಬ್ರೆಜಿಲ್’ ಎನ್ನುತ್ತಾರೆ, ಹೋಗುತ್ತಾರೆ. ಅದಾದ ಮೇಲೆ ಮುಂದಿನ ನಾಲ್ಕು ವರ್ಷ ಚಹಾ ಅಂಗಡಿಗಳಲ್ಲಿ ಅದೇ ಹಳೆಯ ಮಾತು: ನೂರಾನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ? ನಮ್ಮಲ್ಲಿ ಪ್ರತಿಭೆಯೇ ಇಲ್ಲವೇ?

ಪ್ರತಿಭೆ ಇತ್ತು. ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ಹುಡುಕಲು ಗೌತಮಪುರಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಂಗಳೂರಿನ ಫುಟ್‌ಬಾಲ್ ಚರಿತ್ರೆ ಎಂದರೆ ಗೋಲುಗಳ ಲೆಕ್ಕಕ್ಕಿಂತ ಹೆಚ್ಚಾಗಿ ಸಂಬಳದ ಲೆಕ್ಕ ಎಂಬುದು ನನ್ನ ಅಭಿಪ್ರಾಯ. ಆಟಗಾರನ ಮನೆಯ ಒಲೆ ಉರಿಸುತ್ತಿದ್ದವರು ಯಾರು ಎಂದು ಕೇಳಿಕೊಂಡು ಹೊರಟರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಉರಿಸಿದವರು ಬ್ರಿಟಿಷ್ ಪಲ್ಟನ್ನುಗಳು, ಪರೋಕ್ಷವಾಗಿ. ಪೇಟೆಗೂ ಫುಟ್‌ಬಾಲಿಗೂ ಹೆಚ್ಚು ನಂಟಿರಲಿಲ್ಲ. ಅದು ದಂಡಿನ, ಅಂದರೆ ಬ್ರಿಟಿಷರ ಆಡಳಿತದಲ್ಲಿದ್ದ ಕಂಟೋನ್ಮೆಂಟಿನ, ಆಟ. ಸೈನಿಕರು ಆಡುತ್ತಿದ್ದ ಮೈದಾನಗಳ ಅಂಚಿನಲ್ಲಿ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ನೋಡಿ ಕಲಿತರು, ಬರಿಗಾಲಲ್ಲಿ ಒದ್ದರು, ಕೊನೆಗೆ ಸೈನಿಕರನ್ನೇ ಸೋಲಿಸತೊಡಗಿದರು. ಮುಂಬೈಯಲ್ಲಿ ಗೋರಾ ತಂಡಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ‘ಬ್ಯಾಂಗಲೋರ್ ಮುಸ್ಲಿಮ್ಸ್’ ಎತ್ತಿಕೊಂಡು ಬಂತು. ಆ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷ ಮತ್ತೆ ಗೆದ್ದು, ಮೊದಲನೆಯದು ಅದೃಷ್ಟವಲ್ಲ ಎಂದು ತೋರಿಸಿತು.

ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಮಣಿಸಿ ಗೆದ್ದಾಗಲೂ ತಂಡದ ಬೇರು ದಂಡಿನಲ್ಲೇ ಇತ್ತು. ತಮಾಷೆಯೆಂದರೆ ಆಡಳಿತದ ಮಟ್ಟಿಗೆ ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ. ಆ ಹುಡುಗರು ಮನೆಯಲ್ಲಿ ಆಡುತ್ತಿದ್ದದ್ದು ತಮಿಳು, ಉರ್ದು, ಕೆಲವರು ಇಂಗ್ಲಿಷ್. ಅವರ ಕಥೆ ಕನ್ನಡದಲ್ಲಿ ಇಷ್ಟು ಕಡಿಮೆ ಬರೆಯಲ್ಪಟ್ಟದ್ದಕ್ಕೆ ಇದೂ ಒಂದು ಕಾರಣವಿರಬೇಕು. ಕ್ರಿಕೆಟ್ಟಿನ ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ ನಮ್ಮ ಮನೆಮಾತಾದರು. ಸಾರಂಗಪಾಣಿ ರಾಮನ್ ಯಾರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು.

ರಾಮನ್ ಯಾರೆಂದರೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದವರು. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಗಳಿಸಿದ ಮೊದಲ ಗೋಲು ಅದು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಎರಡು ಪೆನಾಲ್ಟಿ ಕೈತಪ್ಪಿ ಪಂದ್ಯ 1–2ರಲ್ಲಿ ಹೋಯಿತು. ಗೋಲಿನಲ್ಲಿ ವರದರಾಜ್, ಮುಂದೆ ಅಹ್ಮದ್ ಖಾನ್, ವಜ್ರವೇಲು: ಬೆಂಗಳೂರು ಆ ತಂಡಕ್ಕೆ ಒಂದಲ್ಲ, ಒಂದು ಹಿಡಿ ಆಟಗಾರರನ್ನು ಕೊಟ್ಟಿತ್ತು.

ಅವರಲ್ಲಿ ಅಹ್ಮದ್ ಖಾನ್ ಬೇರೆಯೇ ಜಾತಿಯ ಆಟಗಾರ. ಚೆಂಡನ್ನು ಕಾಲಲ್ಲಿ ಆಡಿಸುವ ರೀತಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದಿತ್ತು. ತಂದೆ ಬಾಬಾ ಖಾನರೂ ಬೆಂಗಳೂರಿನ ಆಟಗಾರ. ಇಂಥ ಮಗ ಹುಟ್ಟೂರಿನಲ್ಲೇ ಆಡುತ್ತ ಬದುಕಬಹುದಿತ್ತೇ? ಇಲ್ಲಿ ಆಟವಿತ್ತು, ಜನರಿದ್ದರು, ಆಟಗಾರನನ್ನು ಕಟ್ಟಿ ಹಿಡಿಯುವಷ್ಟು ಹಣ ಮತ್ತು ಹಟವಿದ್ದ ಕ್ಲಬ್ ಇರಲಿಲ್ಲ. ಅದು ಕೋಲ್ಕತ್ತದಲ್ಲಿತ್ತು. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಸಾಲೆ, ಅಪ್ಪಾರಾವ್, ವೆಂಕಟೇಶ್, ಧನರಾಜ್ ಜೊತೆಗೂಡಿ ‘ಪಂಚ ಪಾಂಡವ’ರಾದರು, ಆ ಕ್ಲಬ್ 1949ರಿಂದ ಸತತ ಮೂರು ವರ್ಷ ಕೋಲ್ಕತ್ತದ ಹಳೆಯ ಟೂರ್ನಿಯಾದ ಐಎಫ್‌ಎ ಶೀಲ್ಡ್ ಗೆದ್ದಿತು. ಆ ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಮೂವರು ಬೆಂಗಳೂರಿನವರು! ಪಾಂಡವರು ವನವಾಸಕ್ಕೆ ಹೋದದ್ದು ಕೇಳಿದ್ದೇವೆ. ಇಲ್ಲಿ ವನವಾಸಕ್ಕೆ ಹೋದ ಮೇಲೆಯೇ ಅವರು ಪಾಂಡವರಾದರು.

ರಾಷ್ಟ್ರೀಯ ತಂಡಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ 10–1ರಿಂದ ಬಡಿದದ್ದೂ ನಿಜ. ಆ ಒಂದು ಗೋಲು ಅಹ್ಮದ್ ಖಾನರದ್ದು. 1962ರ ಜಕಾರ್ತ ಚಿನ್ನದ ತಂಡದಲ್ಲಿ ನಮ್ಮ ಅರುಮೈನಾಯಗಂ ಇದ್ದರು, ಆದರೆ ಅವರೂ ಹೆಸರು ಮಾಡಿದ್ದು ಮೋಹನ್ ಬಾಗಾನ್‌ನಲ್ಲೇ. (ಬರಿಗಾಲಲ್ಲಿ ಆಡಲು ಬಿಡದ್ದಕ್ಕೆ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ ಎಂಬ ಕಥೆಯನ್ನು ಇನ್ನಾದರೂ ಬಿಡೋಣ. ನಮ್ಮ ಫೆಡರೇಷನ್‌ಗೆ ಆಗ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲಿಲ್ಲ.)

ಬೆಂಗಳೂರಿನಲ್ಲಿ ಉಳಿದವರಿಗೆ ಅನ್ನ ಕೊಟ್ಟದ್ದು ಕಾರ್ಖಾನೆಗಳು. ವಿಮಾನ ತಯಾರಿಸುವ ಎಚ್‌ಎಎಲ್, ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಮೊದಲಾದವು ಆಟಗಾರರಿಗೆ ನೌಕರಿ ಕೊಟ್ಟವು. ಬೆಳಿಗ್ಗೆ ಹಾಜರಿ ಪುಸ್ತಕ, ಸಂಜೆ ಅಭ್ಯಾಸ, ಕಾಲು ಮುರಿದರೂ ತಿಂಗಳ ಕೊನೆಗೆ ಸಂಬಳ, ನಿವೃತ್ತಿಗೆ ಪಿಂಚಣಿ. ಇದನ್ನು ‘ಆಫೀಸ್ ಫುಟ್‌ಬಾಲ್’ ಎಂದು ಈಗ ಹಗುರವಾಗಿ ಆಡುವವರಿದ್ದಾರೆ. ಕೂಲಿಯವರ, ಜವಾನರ ಮನೆಯ ಹುಡುಗನಿಗೆ ಕ್ವಾರ್ಟರ್ಸ್ ಎಂದರೆ ಏನೆಂದು ಅವರಿಗೆ ತಿಳಿಯದು. 1967–68 ಮತ್ತು 1968–69ರಲ್ಲಿ ಮೈಸೂರು ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು ಈ ನೌಕರಿಯ ಕಾಲದಲ್ಲೇ. ಆ ವ್ಯವಸ್ಥೆಯ ಕೊರತೆಯೂ ಅಲ್ಲೇ ಇತ್ತು. ಕೆಲಸ ಖಾಯಂ ಆದ ಮೇಲೆ ಇನ್ನಷ್ಟು ಚೆನ್ನಾಗಿ ಆಡಲೇಬೇಕಾದ ಒತ್ತಡ ಇರುತ್ತಿರಲಿಲ್ಲ.

ಹೀಗಾಗಿ ದೊಡ್ಡ ಆಸೆಯಿದ್ದವರು ಊರು ಬಿಡುವುದು ತಪ್ಪಲಿಲ್ಲ. ಕಾರ್ಲ್ಟನ್ ಚಾಪ್‌ಮನ್ ಅವರನ್ನೇ ನೋಡಿ. ಆಸ್ಟಿನ್ ಟೌನ್ ಹುಡುಗ, ಜಮ್ಶೆಡ್‌ಪುರದ ಟಾಟಾ ಅಕಾಡೆಮಿಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. 1993ರಲ್ಲಿ ಇರಾಕಿನ ಅಲ್ ಜವ್ರಾ ಎದುರು ಹ್ಯಾಟ್ರಿಕ್ ಹೊಡೆದರು. ಮುಂದೆ ಪಂಜಾಬಿನ ಜೆಸಿಟಿ, ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಭಾರತ ತಂಡದ ನಾಯಕರೂ ಆದರು. 2020ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಅವರಿಗೆ ಸಂಬಳ ಕೊಟ್ಟ ಆ ಮೂರು ಕ್ಲಬ್‌ಗಳಲ್ಲಿ ಎರಡು ಈಗ ಇಲ್ಲ.

ಮುಂದಿನ ತಿರುವು 2010ರ ಆಚೀಚೆ. ಏಷ್ಯನ್ ಒಕ್ಕೂಟದ ಕ್ಲಬ್ ಲೈಸೆನ್ಸ್ ನಿಯಮಗಳು ಬಂದವು: ಕ್ಲಬ್ ಒಂದು ಸ್ವತಂತ್ರ ಸಂಸ್ಥೆಯಾಗಿರಬೇಕು, ವೃತ್ತಿಪರವಾಗಿ ನಡೆಯಬೇಕು. ಸರ್ಕಾರಿ ಕಾರ್ಖಾನೆಯ ಒಂದು ವಿಭಾಗದಂತಿದ್ದ ತಂಡ ಈ ಚೌಕಟ್ಟಿಗೆ ಹೊಂದುವುದು ಕಷ್ಟ. ಎಚ್‌ಎಎಲ್, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದ 2012ರಲ್ಲಿ ಕೆಳಗಿಳಿಯಿತು. 2013ರಲ್ಲಿ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಲೈಸೆನ್ಸ್ ಕಾರಣಕ್ಕೇ ಹೊರಗಿಡಲಾಯಿತು. ಅದೇ ವರ್ಷ ಉಕ್ಕಿನ ಉದ್ಯಮದ ಜೆಎಸ್‌ಡಬ್ಲ್ಯು ಹಣದಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ನೇರ ಐ-ಲೀಗ್‌ಗೆ ಬಂತು, ಮೊದಲ ವರ್ಷವೇ ಪ್ರಶಸ್ತಿ ಗೆದ್ದಿತು.

ಊರು ಮರುಳಾಯಿತು. ಮರುಳಾಗುವಂತೆಯೂ ಇತ್ತು. ಸುನಿಲ್ ಛೆಟ್ರಿ ನಾಯಕ, ಕಂಠೀರವದ ಪಶ್ಚಿಮ ಸ್ಟ್ಯಾಂಡಿನಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಗದ್ದಲ, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ (ಅಲ್ಲಿಗೆ ಮುಟ್ಟಿದ ಮೊದಲ ಭಾರತೀಯ ಕ್ಲಬ್), 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ. ಎಪ್ಪತ್ತು ವರ್ಷ ಆಟಗಾರರನ್ನು ಕಳಿಸುತ್ತಿದ್ದ ಊರು ಈಗ ಕರೆಸಿಕೊಳ್ಳುವ ಊರಾಯಿತು: ಮಣಿಪುರದಿಂದ, ಮಿಜೋರಾಂನಿಂದ, ಸ್ಪೇನ್‌ನಿಂದ. ಆದರೆ ಹನ್ನೊಂದರ ಪಟ್ಟಿಯಲ್ಲಿ ಹಲಸೂರಿನ ಹೆಸರು ಹುಡುಕುವವರಿಗೆ ನಿರಾಸೆಯೇ ಹೆಚ್ಚು. ಇದಕ್ಕೆ ಕ್ಲಬ್ಬನ್ನು ಬೈಯಲು ನಾನು ತಯಾರಿಲ್ಲ. ಕೋಲ್ಕತ್ತ ನಮ್ಮ ಮೂವರನ್ನು ಕರೆದೊಯ್ದಾಗ ಬಂಗಾಳಿ ಹುಡುಗರೂ ಹೀಗೇ ಬೆಂಚಿನ ಮೇಲೆ ಕೂತಿರಬೇಕು.

2023ರ ಮಾರ್ಚ್‌ನಲ್ಲಿ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ಮೇಲೆ. ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. ‘ಇವರಲ್ಲಿ ನಮ್ಮವರೆಷ್ಟು’ ಎಂದು ಕೆಲವರು ಮೂಗು ಮುರಿದರೆ, ಅವರಿಗೆ 1948ರ ಪಟ್ಟಿ ತೋರಿಸಬೇಕು. ಅವತ್ತಿನ ಹೆಸರುಗಳೂ ಅವತ್ತಿನ ಊರಿನಂತೆಯೇ ಇದ್ದವು. ಇವತ್ತಿನವೂ ಹಾಗೆಯೇ.

ಸಂಬಳದ ಕಥೆ ಮಾತ್ರ ಇನ್ನೂ ಒಂದು ಹದಕ್ಕೆ ಬಂದಿಲ್ಲ. ಐಎಸ್‌ಎಲ್ ನಡೆಸುವ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ 2025ರ ಜುಲೈನಲ್ಲಿ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳೂ ಸಾಕರ್ ಶಾಲೆಗಳೂ ಎಂದಿನಂತೆ ನಡೆಯುತ್ತವೆ ಎಂದೂ ಅದೇ ಪ್ರಕಟಣೆಯಲ್ಲಿತ್ತು.