ಈ ಮಾತ್ರೆ ಇನ್ನೆಷ್ಟು ವರ್ಷ, ಡಾಕ್ಟ್ರೇ?

ಮೂರ್ಛೆರೋಗ ಇದೆ ಎಂದು ಗೊತ್ತಾದ ದಿನವೇ ಮನೆಯವರು ಕೇಳುವ ಪ್ರಶ್ನೆ ಇದು. ಆ ದಿನ ಇದಕ್ಕೆ ಖಚಿತ ಉತ್ತರ ಕೊಡುವ ಪರೀಕ್ಷೆ ಯಾವುದೂ ಇಲ್ಲ. ಇಇಜಿಯಲ್ಲಿ ಮಿದುಳಿನ ವಿದ್ಯುತ್ ಏರುಪೇರು ಕಾಣಬಹುದು, ಎಂಆರ್‌ಐ ಸ್ಕ್ಯಾನ್‌ನಲ್ಲಿ ಹಳೆಯ ಗಾಯದ ಕಲೆಯೋ ಗಡ್ಡೆಯೋ ಕಾಣಬಹುದು. ಇನ್ನು ಹತ್ತು ವರ್ಷಕ್ಕೆ ಫಿಟ್ಸ್ ಬರುತ್ತಿರುತ್ತದೆಯೇ, ನಿಂತಿರುತ್ತದೆಯೇ ಎಂಬುದು ಎರಡರಲ್ಲೂ ಬರೆದಿರುವುದಿಲ್ಲ. ಈ ಬಗ್ಗೆ ವೈದ್ಯರಿಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಬಂದದ್ದು ರೋಗಿಗಳನ್ನು ವರ್ಷಗಟ್ಟಲೆ, ದಶಕಗಟ್ಟಲೆ ಕೈಬಿಡದೆ ಗಮನಿಸಿದ್ದರಿಂದ.

ಯಾರನ್ನು ಗಮನಿಸುತ್ತೇವೆ ಎನ್ನುವುದರ ಮೇಲೆ ಕಾಣುವ ಚಿತ್ರವೂ ಬದಲಾಗುತ್ತದೆ. 1881ರಲ್ಲಿ ಲಂಡನ್ನಿನ ನರರೋಗತಜ್ಞ ವಿಲಿಯಂ ಗವರ್ಸ್ ಈ ಕಾಯಿಲೆ ತನ್ನನ್ನು ತಾನೇ ಬೆಳೆಸಿಕೊಂಡು ಹೋಗುತ್ತದೆ, ಒಂದು ಫಿಟ್ಸ್ ಮುಂದಿನದಕ್ಕೆ ದಾರಿ ಮಾಡಿಕೊಡುತ್ತದೆ ಎಂದು ಬರೆದರು. ಆ ನಿರಾಶೆ ಬಹಳ ಕಾಲ ಉಳಿಯಿತು. ದೊಡ್ಡಾಸ್ಪತ್ರೆಗೆ ಮತ್ತೆ ಮತ್ತೆ ಬರುತ್ತಿದ್ದವರು ಫಿಟ್ಸ್ ನಿಲ್ಲದವರು. ನಿಂತವರು ಬರುವುದನ್ನೇ ಬಿಡುತ್ತಿದ್ದರು; ಅವರ ಲೆಕ್ಕ ತಜ್ಞರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಊರಿನಲ್ಲಿ ನಿವಾಸಿಗಳ ವೈದ್ಯಕೀಯ ದಾಖಲೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿಡುವ ಏರ್ಪಾಡು ಇತ್ತು. ಹಾಗಾಗಿ ಗುಣ ಕಂಡು ಮರೆಯಾದವರನ್ನೂ ಹುಡುಕಿ ಎಣಿಸಲು ಸಾಧ್ಯವಾಯಿತು. 1979ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 457 ಮಂದಿ. ರೋಗ ಪತ್ತೆಯಾಗಿ 20 ವರ್ಷ ಕಳೆಯುವಾಗ ನೂರಕ್ಕೆ 70 ಮಂದಿ ಕನಿಷ್ಠ ಐದು ವರ್ಷದಿಂದ ಫಿಟ್ಸ್ ಇಲ್ಲದೆ ಇದ್ದರು. ಒಟ್ಟು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರೆಯನ್ನೂ ಬಿಟ್ಟಿದ್ದರು. ಈ ಕಾಯಿಲೆಯ ಬಗ್ಗೆ ನಾನು ಓದಿದ ಅಂಕಿಗಳಲ್ಲಿ ಇಷ್ಟು ಧೈರ್ಯ ಕೊಟ್ಟದ್ದು ಇನ್ನೊಂದಿಲ್ಲ. ಹೊಸದಾಗಿ ರೋಗ ಪತ್ತೆಯಾದ ಪ್ರತಿಯೊಬ್ಬರಿಗೂ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಉಳಿದ ಮೂವತ್ತು ಮಂದಿಯ ಕಥೆ ಬೇರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1982ರಿಂದ ಮೂವತ್ತು ವರ್ಷಗಳಲ್ಲಿ ಚಿಕಿತ್ಸೆ ಆರಂಭಿಸಿದ 1,795 ರೋಗಿಗಳ ವಿವರ 2018ರಲ್ಲಿ ಹೊರಬಂತು. ಮೊದಲ ಔಷಧಿಯಲ್ಲೇ ಸುಮಾರು ಅರ್ಧ ಜನಕ್ಕೆ ಫಿಟ್ಸ್ ನಿಂತಿತ್ತು. ಎರಡನೆಯದರಿಂದ ಇನ್ನೂ ಸುಮಾರು ಶೇ. 12 ಮಂದಿಗೆ, ಮೂರನೆಯದರಿಂದ ಶೇ. 5ಕ್ಕೂ ಕಡಿಮೆ ಮಂದಿಗೆ. ಆ ಮೂರು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ಹೊಸ ಔಷಧಿಗಳು ಬಂದಿದ್ದರೂ ಒಟ್ಟು ಪ್ರಮಾಣ ಮಾತ್ರ ಅಲ್ಲೇ ನಿಂತಿತ್ತು. ಸರಿಯಾಗಿ ಆರಿಸಿ, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಿಗಳೂ ಸೋತರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗ ಎಂದು ಪರಿಗಣಿಸಿ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ನೋಡಬೇಕು ಎನ್ನುವುದು ಇದಕ್ಕಾಗಿಯೇ. ಮೂರನೆಯದು, ನಾಲ್ಕನೆಯದು, ಐದನೆಯದು ಎಂದು ಮಾತ್ರೆ ಬದಲಿಸುತ್ತ ಹತ್ತು ವರ್ಷ ಕಳೆದುಹೋಗುವುದು ಈ ರೋಗಿಗಳಿಗೆ ಆಗುವ ದೊಡ್ಡ ನಷ್ಟ.

ಫಿಟ್ಸ್ ನಿಂತವರಿಗೆ ಮಾತ್ರೆ ಯಾವಾಗ ನಿಲ್ಲಿಸಬೇಕು? ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನಿಷ್ಠ ಎರಡು ವರ್ಷ ಫಿಟ್ಸ್ ಬಾರದ 1,013 ಮಂದಿ ಇದ್ದರು. ಕೆಲವರಿಗೆ ಮಾತ್ರೆ ಮುಂದುವರಿಸಿದರು, ಕೆಲವರಿಗೆ ನಿಧಾನವಾಗಿ ಇಳಿಸುತ್ತ ಬಂದರು. ಎರಡು ವರ್ಷದ ಹೊತ್ತಿಗೆ ಮುಂದುವರಿಸಿದವರಲ್ಲಿ ಶೇ. 78, ಇಳಿಸಿದವರಲ್ಲಿ ಶೇ. 59 ಮಂದಿ ಫಿಟ್ಸ್ ಇಲ್ಲದೆ ಉಳಿದಿದ್ದರು. ಮಾತ್ರೆ ನುಂಗುತ್ತಿದ್ದರೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಫಿಟ್ಸ್ ಮರಳಿತ್ತು. ಬಿಡುವ ದಾರಿ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚೆನ್ನಾಗಿಯೇ ಇದ್ದರು. ಇನ್ನು ಕಾಯಿಲೆಯ ಬಗೆ ಯಾವುದು ಎಂಬುದೂ ಮುಖ್ಯ. ರೋಲಾಂಡಿಕ್ ಎಂಬ ಬಾಲ್ಯದ ಮೂರ್ಛೆರೋಗ ಹದಿಹರೆಯದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹದಿಹರೆಯದಲ್ಲಿ ಶುರುವಾಗಿ ಬೆಳಗ್ಗೆ ಕೈಗಳು ತಟ್ಟನೆ ಅದುರುವ ಮಯೋಕ್ಲೋನಿಕ್ ಬಗೆ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ, ಬಿಟ್ಟರೆ ಬಹುಮಂದಿಗೆ ಮರಳುತ್ತದೆ. ಬಿಡುವುದಾದರೂ ತಿಂಗಳುಗಟ್ಟಲೆ ಹಂತಹಂತವಾಗಿ, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಅಪಾಯವಾಗಬಹುದು.

ಫಿಟ್ಸ್ ಪೂರ್ತಿ ಹತೋಟಿಯಲ್ಲಿದ್ದರೂ ವೈದ್ಯರ ಭೇಟಿ ತಪ್ಪಿಸಬಾರದು, ಏಕೆಂದರೆ ವರ್ಷಗಳು ಕಳೆದಂತೆ ಮಾತ್ರೆಗಳೂ ದೇಹದ ಮೇಲೆ ಅಡ್ಡಪರಿಣಾಮ ಬೀರಬಹುದು. ಫೆನಿಟಾಯಿನ್ ವಸಡನ್ನು ಊದಿಸಬಹುದು. ಅದೂ ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್‌ಗಳೂ ಮೂಳೆಯನ್ನು ದುರ್ಬಲಗೊಳಿಸಬಹುದು, ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸಬಹುದು. ವಾಲ್ಪ್ರೊಯೇಟ್ ಸೇವಿಸುತ್ತಿರುವ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಕ್ಕಳಿಗೆ ಅಂಗದೋಷ, 30ರಿಂದ 40 ಮಕ್ಕಳಿಗೆ ಕಲಿಕೆ, ಬೆಳವಣಿಗೆಯ ತೊಂದರೆ ಕಂಡಿದೆ. ಈ ಅಪಾಯ ಬೆಳಕಿಗೆ ಬಂದದ್ದೂ ತಾಯಿ-ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ್ದರಿಂದಲೇ. ಗರ್ಭಿಣಿಯಾಗುವ ಮೊದಲೇ ಔಷಧಿಯ ಬಗ್ಗೆ ಮಾತನಾಡಬೇಕು. ಗಾಬರಿಯಿಂದ ತಾನೇ ಬಿಡಬಾರದು.

ಫಿನ್ಲೆಂಡಿನ ತುರ್ಕು ಪ್ರದೇಶದಲ್ಲಿ 1960ರ ದಶಕದ ಆರಂಭದಿಂದ ಗಮನಿಸುತ್ತ ಬಂದ 245 ಮಕ್ಕಳ ಅಧ್ಯಯನ ಇನ್ನೂ ಕಠಿಣವಾದ ಸಂಗತಿಗಳನ್ನು ಮುಂದಿಟ್ಟಿತು. ನಲವತ್ತು ವರ್ಷಗಳಲ್ಲಿ ಅವರಲ್ಲಿ 60 ಮಂದಿ ತೀರಿಕೊಂಡಿದ್ದರು. ಅದೇ ವಯಸ್ಸಿನ ಉಳಿದ ಜನರಲ್ಲಿ ನಿರೀಕ್ಷಿಸುವುದಕ್ಕಿಂತ ಇದು ಮೂರು ಪಟ್ಟು. ಹೆಚ್ಚಿನವರು ಫಿಟ್ಸ್ ನಿಲ್ಲದೆ ಉಳಿದವರು. ಮೂರ್ಛೆರೋಗವಿರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು, ಹಲವು ಬಾರಿ ನಿದ್ದೆಯಲ್ಲೇ, ಹಠಾತ್ತನೆ ಸಾಯುತ್ತಾರೆ. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಹೆಚ್ಚು ಬಂದಷ್ಟೂ ಈ ಅಪಾಯ ಹೆಚ್ಚು. ವರ್ಷಕ್ಕೆ ಎರಡು ಸಲ ತಾನೇ ಎಂದು ಸುಮ್ಮನಿರಬಾರದು.

ಅದೇ ತುರ್ಕು ಮಕ್ಕಳಲ್ಲಿ ಬೇರೆ ಯಾವ ನ್ಯೂನತೆಯೂ ಇಲ್ಲದವರು ಕೂಡ ದೊಡ್ಡವರಾದಾಗ ಓದು, ಉದ್ಯೋಗ, ಮದುವೆ ಮೂರರಲ್ಲೂ ಓರಗೆಯವರಿಗಿಂತ ಹಿಂದುಳಿದಿದ್ದರು. ಆದ್ದರಿಂದ ಭೇಟಿಯಲ್ಲಿ ಫಿಟ್ಸ್ ಎಷ್ಟು ಬಂತು ಎಂದು ಕೇಳಿ ಚೀಟಿ ಬರೆದರೆ ಸಾಲದು. ನಿದ್ದೆ, ಕೆಲಸ, ಓದು ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂದು ವೈದ್ಯರು ಕೇಳಬೇಕು. ಅವರು ಕೇಳದಿದ್ದರೆ ನಾವೇ ಹೇಳಬೇಕು. ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರಿಗೆ ಬದಲಾಗುವ ವಯಸ್ಸಿನಲ್ಲಿ ಎಷ್ಟೋ ಹುಡುಗ ಹುಡುಗಿಯರು ಚಿಕಿತ್ಸೆಯ ಕೊಂಡಿಯನ್ನೇ ಕಳೆದುಕೊಳ್ಳುತ್ತಾರೆ. ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಕೊಟ್ಟಿದ್ದರು, ಯಾಕೆ ಬದಲಿಸಿದರು, ಕೊನೆಯ ಫಿಟ್ಸ್ ಯಾವಾಗ ಬಂತು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು, ಮನೆಯವರು ತೆಗೆದ ಮೊಬೈಲ್ ವಿಡಿಯೋ ಇದ್ದರೆ ಅದನ್ನೂ ಹೊಸ ವೈದ್ಯರಿಗೆ ತೋರಿಸಿದರೆ ಚಿಕಿತ್ಸೆಯನ್ನು ಮೊದಲಿನಿಂದ ಶುರುಮಾಡಬೇಕಾಗಿ ಬರುವುದಿಲ್ಲ.